ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಗಂಟೆ? ಗ್ರೇಟ್ ಸರ್ಕಲ್ ಮ್ಯಾಪರ್ ಬಗ್ಗೆ ನನ್ನ ರಿವ್ಯೂ

ದೇವನಹಳ್ಳಿ ಏರ್‌ಪೋರ್ಟು ಜಯನಗರ, ಬನಶಂಕರಿ ಕಡೆಯವರಿಗಿಂತ ನಮ್ಮ ಚಿಕ್ಕಬಳ್ಳಾಪುರದವರಿಗೇ ಹತ್ರ, ಹೈವೇ ಖಾಲಿ ಇದ್ರೆ ಮುಕ್ಕಾಲು ಗಂಟೇಲಿ ಟರ್ಮಿನಲ್ ಮುಂದೆ ಇಳೀತೀವಿ. 2008ರಲ್ಲಿ ಅದು ಶುರುವಾದ್ಮೇಲೆ ಈ ಕಡೆ ತುಂಬಾ ಬದಲಾಯ್ತು, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ರೇಷ್ಮೆ, ದ್ರಾಕ್ಷಿ, ಹೂವು ನಂಬ್ಕೊಂಡಿದ್ದ ಮನೆಗಳಿಂದ್ಲೂ ಈಗ ಮಕ್ಕಳು ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಅಂತ ಹೋಗಿದಾರೆ, ಅವರ ಹಿಂದೆ ಸೊಸೆ ಬಾಣಂತನಕ್ಕೋ ಮೊಮ್ಮಗುನ ನಾಮಕರಣಕ್ಕೋ ಅಪ್ಪ ಅಮ್ಮಂದಿರೂ ಹೊರಡ್ತಾರೆ. ಹಂಗೆ ಹೊರಡೋರು ಮೊದ್ಲು ಕೇಳೋದೇ ಎರಡು ಪ್ರಶ್ನೆ. ನಮ್ಮ ದೊಡ್ಡಪ್ಪನೂ ಅದನ್ನೇ ಕೇಳಿದ್ರು, "ಎಷ್ಟು ದೂರ ಐತೆ ಮಗ, ಎಷ್ಟು ಹೊತ್ತು ಕೂತ್ಕೋಬೇಕು?" ಅಂತ.

ಈ ಎರಡು ಪ್ರಶ್ನೆಗೆ ನೆಟ್ಟಲ್ಲಿ ಹುಡುಕಿದ್ರೆ ನೂರಾರು ಸೈಟ್ ಬರ್ತವೆ, ಒಂದೊಂದರಲ್ಲಿ ಒಂದೊಂದು ಉತ್ತರ. ನಾನು ಬಹಳ ಕಾಲದಿಂದ ಬಳಸ್ತಿರೋದು ಗ್ರೇಟ್ ಸರ್ಕಲ್ ಮ್ಯಾಪರ್ ಅನ್ನೋದನ್ನ, ಮನೆಯವರು, ಅಕ್ಕಪಕ್ಕದವರು ಎಲ್ಲರ ಪ್ರಯಾಣಕ್ಕೂ ಮೊದ್ಲು ಅದ್ರಲ್ಲೇ ನೋಡೋದು. ದೂರದ ವಿಷಯಕ್ಕೆ ಇದಕ್ಕಿಂತ ಒಳ್ಳೇದು ನಂಗೆ ಸಿಕ್ಕಿಲ್ಲ, ಆದ್ರೆ ಸಮಯದ ವಿಷಯಕ್ಕೆ ಇದಾಗ್ಲಿ ಇನ್ಯಾವುದೇ ಲೆಕ್ಕದ ಸೈಟ್ ಆಗ್ಲಿ ಒಂದನ್ನೇ ನಂಬ್ಕೊಂಡು ವಯಸ್ಸಾದವರನ್ನ ಕಳಿಸ್ಬೇಡಿ. ಯಾಕೆ ಅಂತ ಹೇಳೋಕೇ ಇಷ್ಟುದ್ದ ಬರೀತಿರೋದು.

ಮೊದ್ಲು ಇದು ಏನು ಮಾಡುತ್ತೆ ಅಂತ ಹೇಳ್ತೀನಿ. ಫ್ರೀ, ಲಾಗಿನ್ ಏನೂ ಬೇಡ. ಒಂದು ಡಬ್ಬಿ ಇರುತ್ತೆ, ಅದ್ರಲ್ಲಿ ಏರ್‌ಪೋರ್ಟುಗಳ ಮೂರಕ್ಷರದ ಕೋಡ್ ಹಾಕ್ಬೇಕು, ನಡುವೆ ಒಂದು ಅಡ್ಡಗೆರೆ. ನಮ್ಮದು ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋದು ಎಸ್‌ಎಫ್‌ಒ. ಒತ್ತಿದ ತಕ್ಷಣ ಭೂಪಟದ ಮೇಲೆ ಒಂದು ಗೆರೆ ಎಳೆದು ದೂರ ಎಷ್ಟು ಅಂತ ತೋರಿಸುತ್ತೆ, ಸುಮಾರು 14,000 ಕಿಲೋಮೀಟರ್. ಈ ರೂಟಲ್ಲಿ 2021ರ ಜನವರಿಯಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರು ಮಾಡ್ತಲ್ಲ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತೆ ಜೊತೆಯವರು, ಕಾಕ್‌ಪಿಟ್‌ನಲ್ಲಿ ಇದ್ದೋರೆಲ್ಲಾ ಹೆಣ್ಣುಮಕ್ಕಳೇ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಕಡೆಯಿಂದ ಹಾರಿಸ್ಕೊಂಡು ಬಂದು ಇಲ್ಲೇ ನಮ್ಮ ದೇವನಹಳ್ಳೀಲಿ ಇಳಿಸಿದ್ರಲ್ಲ, ಆಗ ಹೇಳಿದ ನೇರ ದೂರ 13,993 ಕಿಲೋಮೀಟರ್. ಸೈಟಿನ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತೆ. ಆವತ್ತು ಆ ಸುದ್ದಿ ಓದಿ ನಂಗಾದ ಹೆಮ್ಮೆ ಇವತ್ತಿಗೂ ಕಮ್ಮಿ ಆಗಿಲ್ಲ.

ಆ ಗೆರೆ ನೋಡಿದ ಎಲ್ಲರೂ ಕೇಳೋದು ಇದ್ಯಾಕೆ ಹಿಂಗೆ ಬಿಲ್ಲಿನ ಥರ ಬಗ್ಗಿದೆ, ನೆಟ್ಟಗೆ ಹೋಗ್ಬಾರ್ದಾ ಅಂತ. ನೆಟ್ಟಗೇ ಹೋಗ್ತಿರೋದು ಅದು, ಬಗ್ಗಿರೋದು ನಮ್ಮ ಭೂಪಟ. ಮಕ್ಕಳ ಗ್ಲೋಬ್ ಇದ್ರೆ ತಗೊಂಡು ಬೆಂಗಳೂರಿಂದ ಕ್ಯಾಲಿಫೋರ್ನಿಯಾಗೆ ಒಂದು ದಾರ ಬಿಗಿಯಾಗಿ ಎಳೆದು ಹಿಡೀರಿ, ದಾರ ತಾನಾಗೇ ಮೇಲಕ್ಕೆ ಸರಿದು ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಸಮುದ್ರದ ಅಂಚು ಮುಟ್ಟಿ ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತೆ. ಅದೇ ಅತಿ ಕಮ್ಮಿ ದೂರ, ಅದಕ್ಕೇ ಗ್ರೇಟ್ ಸರ್ಕಲ್ ಅನ್ನೋದು. ಸೈಟು ಭೂಮೀನ ಪೂರ್ತಿ ಗುಂಡು ಅಂತ್ಲೂ ತಗೊಳ್ಳಲ್ಲ, ಧ್ರುವದ ಹತ್ರ ಸ್ವಲ್ಪ ಚಪ್ಪಟೆ ಇರೋದನ್ನೂ ಲೆಕ್ಕಕ್ಕೆ ಸೇರಿಸುತ್ತೆ. ಇಷ್ಟು ಕಾಳಜಿ ಬಿಟ್ಟಿ ಸೈಟಲ್ಲಿ ಸಿಗೋದು ಅಪರೂಪ.

ಆದ್ರೆ ವಿಮಾನ ಆ ಗೆರೆ ಮೇಲೇ ಹೋಗಲ್ಲ. ಹಿಮಾಲಯ, ಟಿಬೆಟ್ ಮೇಲೆ ದೊಡ್ಡ ಪ್ಯಾಸೆಂಜರ್ ವಿಮಾನಗಳು ಆದಷ್ಟು ತಪ್ಪಿಸ್ತಾವೆ. ಕ್ಯಾಬಿನ್ ಒಳಗೆ ಗಾಳಿ ಒತ್ತಡ ಕಮ್ಮಿ ಆದ್ರೆ ಪೈಲಟ್ ಬೇಗ 10,000 ಅಡಿಗೆ ಇಳಿಸ್ಬೇಕು, ಕೆಳಗೆ ಬೆಟ್ಟಗಳೇ ಅದಕ್ಕಿಂತ ಎಷ್ಟೋ ಎತ್ತರ ಇರುವಾಗ ಎಲ್ಲಿಗೆ ಇಳಿಸೋದು. ಇನ್ನು ಆಕಾಶದಲ್ಲೂ ಬಾಗಿಲು ಹಾಕ್ತಾರೆ. 2022ರಿಂದ ಅಮೆರಿಕ, ಯೂರೋಪಿನ ಕಂಪನಿಗಳಿಗೆ ರಷ್ಯಾ ಆಕಾಶ ಬಂದ್. 2019ರಲ್ಲಿ ಬಾಲಾಕೋಟ್ ಆದ್ಮೇಲೆ ಕೆಲವು ತಿಂಗಳು ಪಾಕಿಸ್ತಾನದ ಆಕಾಶ ಬಂದ್ ಆಗಿತ್ತು, 2025ರ ಏಪ್ರಿಲಲ್ಲಿ ಪಹಲ್ಗಾಮ್ ಆದ್ಮೇಲೆ ನಮ್ಮ ವಿಮಾನಗಳಿಗೆ ಮತ್ತೆ ಬಂದ್ ಮಾಡಿದ್ರು. ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗೋ ನಮ್ಮ ಕಂಪನಿಗಳ ವಿಮಾನ ಆಗ ಕೆಳಗೆ ಅರಬ್ಬೀ ಸಮುದ್ರದ ಕಡೆ ಸುತ್ತಾಕ್ಕೊಂಡು ಹೋಗ್ಬೇಕಾಯ್ತು. ಸೈಟಲ್ಲಿ ದಿಲ್ಲಿ ಲಂಡನ್ ದೂರ ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ, ಕೂತಿರೋರ ಸೊಂಟಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಗೋದು.

ಸಮಯದ ವಿಷಯಕ್ಕೆ ಬರೋಣ, ಇದೇ ಮುಖ್ಯ. ಈ ಸೈಟಲ್ಲಿ ನೀವೇ ಒಂದು ಸ್ಪೀಡ್ ಹಾಕಿದ್ರೆ ಭಾಗಾಕಾರ ಮಾಡಿ ಗಂಟೆ ಹೇಳುತ್ತೆ, ತಾನಾಗಿ ಇಷ್ಟೇ ಹೊತ್ತು ಅಂತ ಘೋಷಣೆ ಮಾಡಲ್ಲ, ಆ ನಿಯತ್ತು ನಂಗಿಷ್ಟ. ಬೇರೆ ಎಷ್ಟೋ ಸೈಟುಗಳು ಗಂಟೆಗೆ ಸುಮಾರು 800 ಕಿಲೋಮೀಟರ್ ಅಂತ ಒಂದೇ ಸ್ಪೀಡ್ ಹಿಡಿದು, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸಿ, ನಿಮಿಷದ ಸಮೇತ ದೊಡ್ಡ ಅಕ್ಷರದಲ್ಲಿ ಉತ್ತರ ಬರೆದುಬಿಡ್ತವೆ. ಓದೋರಿಗೆ ಅದು ಏರ್‌ಲೈನ್ ಟೈಮ್‌ಟೇಬಲ್ಲೇ ಅನ್ನಿಸುತ್ತೆ. ದಿಲ್ಲಿಗೆ ಆ ಲೆಕ್ಕ ಪರವಾಗಿಲ್ಲ, 1,700 ಕಿಲೋಮೀಟರಿಗೆ ಎರಡೂವರೆ ಗಂಟೆ ಚಿಲ್ಲರೆ ಬರುತ್ತೆ, ನಿಜಕ್ಕೂ ಹೆಚ್ಚುಕಮ್ಮಿ ಅಷ್ಟೇ. ದುಬೈಗೂ ಸರಿ, 2,700 ಕಿಲೋಮೀಟರು, ನಾಲ್ಕು ಗಂಟೆ ಹತ್ರ. ದೂರ ಜಾಸ್ತಿ ಆದಂಗೆ ಲೆಕ್ಕ ಸಡಿಲ ಆಗುತ್ತೆ. ಸ್ಯಾನ್ ಫ್ರಾನ್ಸಿಸ್ಕೋಗೆ ಆ ಲೆಕ್ಕದಲ್ಲಿ 18 ಗಂಟೆ ಹತ್ರ ಬರುತ್ತೆ, ಆದ್ರೆ ದೊಡ್ಡ ವಿಮಾನಗಳು ಮೇಲೆ ಹೋದ್ಮೇಲೆ ಗಂಟೆಗೆ 900 ಕಿಲೋಮೀಟರ್ ಆಸುಪಾಸು ಓಡ್ತವೆ, ಗಾಳಿ ಬೆನ್ನಿಗಿದ್ರೆ ಇಲ್ಲಿಂದ ನೇರ ಹೋಗೋಕೆ 16 ಗಂಟೆ ಸುಮಾರು ಸಾಕು.

ಆ ಗಾಳಿನೇ ನೋಡಿ ದೊಡ್ಡ ವಿಷಯ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅಂತ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಗಾಳಿ ಇದೆ, ಚಳಿಗಾಲದಲ್ಲಿ ಗಂಟೆಗೆ 200 ಕಿಲೋಮೀಟರ್ ಮೀರೋದೂ ಉಂಟು. ಅದ್ರ ಜೊತೆ ಹೋದ್ರೆ ಬೇಗ, ಎದುರು ಹೋದ್ರೆ ತಡ. ಅದಕ್ಕೇ ಬೆಂಗಳೂರಿಂದ ಲಂಡನ್ನಿಗೆ ಹೋಗೋಕೆ ಹಿಡಿಯೋದಕ್ಕಿಂತ ಅಲ್ಲಿಂದ ವಾಪಸ್ ಬರೋಕೆ ಸಾಮಾನ್ಯವಾಗಿ ಕಮ್ಮಿ ಹೊತ್ತು, ದೂರ ಎರಡೂ ಕಡೆ ಅದೇ 8,000 ಕಿಲೋಮೀಟರು. ಸಿಡ್ನಿಗೆ ಉಲ್ಟಾ, 2022ರಲ್ಲಿ ಕ್ವಾಂಟಾಸ್ ಶುರು ಮಾಡಿದ ರೂಟು, 9,300 ಚಿಲ್ಲರೆ ಕಿಲೋಮೀಟರು, ಹೋಗುವಾಗ ಬೇಗ, ಬರುವಾಗ ತಡ. ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವಾಗ ಪೈಲಟ್‌ಗಳು ಆ ಗಾಳಿ ಹಿಡಿಯೋಕೆ ಅಂತ್ಲೇ ಪೆಸಿಫಿಕ್ ಕಡೆ ಸರಿದು ಹೋಗೋದುಂಟು, ಗೆರೆಗಿಂತ ದೂರ ಜಾಸ್ತಿ ಆದ್ರೂ ಹೊತ್ತು ಕಮ್ಮಿ ಹಿಡಿಯುತ್ತೆ. ಹೋಗೋದಕ್ಕೂ ಬರೋದಕ್ಕೂ ಒಂದೇ ಗಂಟೆ ತೋರಿಸೋ ಸೈಟ್ ಕಂಡ್ರೆ ಅದಕ್ಕೆ ಗಾಳಿ ಲೆಕ್ಕ ಇಲ್ಲ ಅಂತ ತಿಳ್ಕೊಳ್ಳಿ, ಪರೀಕ್ಷೆ ಅಷ್ಟೇ.

ಹಂಗಾದ್ರೆ ಸರಿಯಾದ ಸಮಯ ಎಲ್ಲಿ ಸಿಗುತ್ತೆ ಅಂದ್ರೆ ಏರ್‌ಲೈನ್ ಟೈಮ್‌ಟೇಬಲ್‌ನಲ್ಲಿ. ಅದ್ರಲ್ಲಿರೋದು ಬರೀ ಹಾರೋ ಹೊತ್ತಲ್ಲ, ಇಲ್ಲಿ ಗೇಟ್ ಬಿಟ್ಟು ಹಿಂದಕ್ಕೆ ತಳ್ಳಿಸ್ಕೊಂಡಾಗಿಂದ ಅಲ್ಲಿ ಗೇಟಿಗೆ ಹೋಗಿ ನಿಲ್ಲೋವರೆಗೆ ಪೂರ್ತಿ ಹೊತ್ತು, ರನ್‌ವೇಗೆ ಉರುಳ್ಕೊಂಡು ಹೋಗೋದು, ಸಾಲಲ್ಲಿ ಕಾಯೋದು ಎಲ್ಲಾ ಸೇರಿ, ತಡ ಆಗ್ಬಾರ್ದು ಅಂತ ಒಂಚೂರು ಜಾಸ್ತಿನೇ ಇಟ್ಕೊಂಡಿರ್ತಾರೆ. ಅದನ್ನ ನೋಡಿದ್ಮೇಲೆ ಹಾರ್ತಿರೋ ವಿಮಾನಗಳನ್ನ ತೋರಿಸೋ ಫ್ಲೈಟ್‌ರಾಡಾರ್24 ಅನ್ನೋ ಸೈಟಲ್ಲಿ ಅದೇ ನಂಬರಿನ ವಿಮಾನ ಹಿಂದಿನ ಕೆಲವು ದಿನ ನಿಜವಾಗಿ ಯಾವಾಗ ಹೊರಟಿತ್ತು ಯಾವಾಗ ಇಳೀತು ಅಂತ ನೋಡಿಬಿಡಿ. ಡಿಸೆಂಬರ್ ಜನವರಿಯಲ್ಲಿ ನಮ್ಮ ದೇವನಹಳ್ಳಿ ಕಡೆ ಬೆಳಗಿನ ಜಾವ ಮಂಜು ಎಷ್ಟು ದಟ್ಟ ಕೂರುತ್ತೆ ಅಂತ ನಂದಿಬೆಟ್ಟದ ಬುಡದಲ್ಲಿರೋ ನಮಗೆ ಹೇಳ್ಕೊಡ್ಬೇಕಾಗಿಲ್ಲ, ಆ ಹೊತ್ತಿನ ವಿಮಾನಗಳು ಅದ್ರಿಂದ ತಡ ಆಗೋದುಂಟು.

ಈಗ ಗ್ರೇಟ್ ಸರ್ಕಲ್ ಮ್ಯಾಪರ್ ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಯಾವುದಕ್ಕೆ ಅಂತ ಹೇಳ್ತೀನಿ. ಟಿಕೆಟ್ ಬುಕ್ ಮಾಡೋಕೆ ಕೂತಾಗ ಒಂದೊಂದು ರೂಟಿಗೂ ಒಂದೊಂದು ರೇಟು, ಒಂದು ದುಬೈ ಮೇಲೆ, ಒಂದು ಫ್ರಾಂಕ್‌ಫರ್ಟ್ ಮೇಲೆ, ಒಂದು ಸಿಂಗಪುರದ ಮೇಲೆ. ಮನೇಲಿ ಎಲ್ಲರಿಗೂ ಭಯ, ಸಿಂಗಪುರ ಅಂದ್ರೆ ಉಲ್ಟಾ ದಿಕ್ಕು, ಸುತ್ತು ದಾರಿ ಅಂತ. ಈ ಸೈಟಲ್ಲಿ ಮೂರು ಏರ್‌ಪೋರ್ಟ್ ಕೋಡನ್ನ ಸಾಲಾಗಿ ಅಡ್ಡಗೆರೆ ಹಾಕಿ ಬರೆದ್ರೆ ಒಂದೊಂದು ತುಂಡಿನ ದೂರ, ಕೊನೇಲಿ ಒಟ್ಟು ದೂರ ಕೊಡುತ್ತೆ. ದುಬೈ ಮೇಲೆ ಹೋದ್ರೆ 2,700 ಮತ್ತೆ 13,000, ಒಟ್ಟು 15,700 ಸುಮಾರು. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತೆ 9,150, ಒಟ್ಟು 16,550. ಸಿಂಗಪುರದ ಮೇಲೆ 3,200 ಮತ್ತೆ 13,600, ಒಟ್ಟು 16,800. ಅಂದ್ರೆ ಉಲ್ಟಾ ದಿಕ್ಕು ಅಂತ ಹೆದರ್ತಿದ್ದ ಸಿಂಗಪುರಕ್ಕೂ ಎಲ್ಲರೂ ಸರಿ ಅನ್ನೋ ಫ್ರಾಂಕ್‌ಫರ್ಟಿಗೂ ವ್ಯತ್ಯಾಸ ಬರೀ 250 ಕಿಲೋಮೀಟರು, ವಿಮಾನಕ್ಕೆ ಅದು ಇಪ್ಪತ್ತು ನಿಮಿಷದ ಮಾತೂ ಅಲ್ಲ. ಮೇಲಾಗಿ ಸಿಂಗಪುರದಿಂದ ಮುಂದೆ ಪೆಸಿಫಿಕ್ ಮೇಲೆ ಗಾಳಿ ಬೆನ್ನಿಗೆ ಸಿಗುತ್ತೆ. ನೇರ ದೂರಕ್ಕಿಂತ ದುಬೈ ರೂಟು 1,700 ಕಿಲೋಮೀಟರ್ ಜಾಸ್ತಿ, ಹಾರೋ ಹೊತ್ತಲ್ಲಿ ಎರಡು ಗಂಟೆ. ಹಂಗಾದ್ರೆ ಕೆಲವು ಟಿಕೆಟ್ಟಲ್ಲಿ 22 ಗಂಟೆ, ಇನ್ನು ಕೆಲವುದ್ರಲ್ಲಿ 31 ಗಂಟೆ ಅಂತೆಲ್ಲಾ ಬರೋದು ಎಲ್ಲಿಂದ? ಎಲ್ಲಾ ನಡುವೆ ಕಾಯೋದ್ರಿಂದ. ದೂರ ತಿನ್ನೋದು ಒಂದೆರಡು ಗಂಟೆ, ಕಾಯೋದು ತಿನ್ನೋದು ಆರು, ಎಂಟು, ಹನ್ನೆರಡು ಗಂಟೆ. ಇದು ಗೊತ್ತಾದ್ಮೇಲೆ ನಾನು ಯಾರಿಗೇ ಹೇಳೋದಾದ್ರೂ ಯಾವ ಊರ ಮೇಲೆ ಹೋಗ್ತೀರಿ ಅಂತ ತಲೆ ಕೆಡಿಸ್ಕೋಬೇಡಿ, ಆ ಊರಲ್ಲಿ ಎಷ್ಟು ಹೊತ್ತು ಕಾಯ್ತೀರಿ ಅಂತ ನೋಡಿ ಅಂತೀನಿ. ಮಂಡಿನೋವಿರೋ ದೊಡ್ಡಮ್ಮನಿಗೆ ಒಂದೂಕಾಲು ಗಂಟೆ ಗ್ಯಾಪಲ್ಲಿ ಟರ್ಮಿನಲ್ ಬದಲಾಯಿಸೋಕೆ ಹೇಳೋದೂ ತಪ್ಪು, ಹತ್ತು ಗಂಟೆ ಕುರ್ಚಿ ಮೇಲೆ ಕೂರಿಸೋದೂ ತಪ್ಪು. ಎರಡೂವರೆಯಿಂದ ನಾಲ್ಕು ಗಂಟೆ ಗ್ಯಾಪ್ ಇರೋದು ಹುಡುಕಿ, ವ್ಹೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗ್ಲೇ ಹಾಕಿಸಿ, ಅದಕ್ಕೆ ಬೇರೆ ದುಡ್ಡು ತಗೊಳ್ಳಲ್ಲ, ಕೇಳೋಕೆ ಸಂಕೋಚ ಪಡ್ಬೇಡಿ.

ಗಡಿಯಾರದ ವಿಷಯ ಒಂದು ಹೇಳ್ಬೇಕು, ನಮ್ಮ ಕಡೆ ತುಂಬಾ ಜನ ಇದ್ರಲ್ಲಿ ಗಲಿಬಿಲಿ ಆಗ್ತಾರೆ. ಟಿಕೆಟ್ ಮೇಲೆ ಬರೆಯೋ ಟೈಮು ಆಯಾ ಊರಿನ ಲೋಕಲ್ ಟೈಮು. ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೇಲಿ ಹನ್ನೆರಡೂವರೆ ಗಂಟೆ ಹಿಂದೆ, ಅವರು ಮಾರ್ಚಿಂದ ನವೆಂಬರ್‌ವರೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ಕೋತಾರೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದ್ರೆ ಅಲ್ಲಿ ಇಳಿದಾಗ ಅದೇ ದಿನ ಸಂಜೆ 4.30. ಟಿಕೆಟ್ ನೋಡಿದವರು ಓ ಎರಡೂವರೆ ಗಂಟೆ ದಾರಿ ಅಂದ್ಕೋಬೋದು. ವಾಪಸ್ ಬರುವಾಗ ಅಲ್ಲಿ ರಾತ್ರಿ 9ಕ್ಕೆ ಹೊರಟು 17 ಗಂಟೆ ಹಾರಿದ್ರೆ ಇಲ್ಲಿ ಇಳಿಯೋದು ಮಾರನೇ ದಿನ ಅಲ್ಲ, ಅದ್ರ ಮಾರನೇ ದಿನ ಬೆಳಗಿನ ಜಾವ 3.30ಕ್ಕೆ. ಕರ್ಕೊಂಡು ಬರೋಕೆ ಕಾರು ಹೇಳೋರು ಈ ತಾರೀಖನ್ನ ಎರಡು ಸಲ ನೋಡಿ ಹೇಳಿ.

ಸಕ್ಕರೆ ಕಾಯಿಲೆ, ಬಿಪಿ ಇರೋರಿಗೆ ಇದು ಬರೀ ತಾರೀಖಿನ ವಿಷಯ ಅಲ್ಲ. ದೊಡ್ಡಪ್ಪ ಇನ್ಸುಲಿನ್ ತಗೊಳ್ತಾರೆ, ಬೆಳಿಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ಅಂತ. ಕಿಟಕಿ ಆಚೆ ಯಾವಾಗ ಬೆಳಿಗ್ಗೆ ಯಾವಾಗ ರಾತ್ರಿ ಅಂತ ಗೊತ್ತಾಗದ ಕಡೆ ಆ ಮಾತಿಗೆ ಅರ್ಥ ಇಲ್ಲ. ಮನೆ ಬಿಟ್ಟಾಗಿಂದ ಮಗನ ಮನೆ ಸೇರೋವರೆಗೆ ಒಟ್ಟು ಎಷ್ಟು ಗಂಟೆ, ಯಾವ ಯಾವ ಗಂಟೆಗೆ ಊಟ ಸಿಗ್ಬೋದು ಅಂತ ಬರ್ಕೊಂಡು ಡಾಕ್ಟರ ಹತ್ರ ಹೋಗಿ ಕೇಳಿ, ಅವರೇ ಡೋಸ್ ಹೇಳ್ತಾರೆ. ಇನ್ಸುಲಿನ್, ಮಾತ್ರೆ, ಚೀಟಿ ಮೂರೂ ಕೈಚೀಲದಲ್ಲೇ ಇರ್ಬೇಕು, ದೊಡ್ಡ ಲಗೇಜಿಗೆ ಹಾಕ್ಬೇಡಿ, ಕೆಳಗಿನ ಲಗೇಜಿನ ಜಾಗದಲ್ಲಿ ಚಳಿಗೆ ಇನ್ಸುಲಿನ್ ಕೆಡಬೋದು, ಲಗೇಜ್ ತಡ ಆಗಿ ಬಂದ್ರೆ ಇನ್ನೂ ಕಷ್ಟ. ಆ ಒಟ್ಟು ಗಂಟೆ ಲೆಕ್ಕ ಹಾಕುವಾಗ ಇಂಟರ್‌ನ್ಯಾಷನಲ್ ಅಂದ್ರೆ ಮೂರು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿ ಇರ್ಬೇಕು, ಅದಕ್ಕೆ ಚಿಕ್ಕಬಳ್ಳಾಪುರದಿಂದ ಒಂದು ಗಂಟೆ, ಶಿಡ್ಲಘಟ್ಟದಿಂದ ಇನ್ನೊಂದಿಷ್ಟು, ಭಾನುವಾರ ಬೆಳಿಗ್ಗೆ ಆದ್ರೆ ನಂದಿಬೆಟ್ಟಕ್ಕೆ ಬರೋ ಗಾಡಿಗಳ ರಶ್ ಬೇರೆ, ಅಲ್ಲಿ ಇಳಿದ್ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಮಗನ ಕಾರು, ಎಲ್ಲಾ ಸೇರಿಸ್ಬೇಕು. 16 ಗಂಟೆ ನೇರ ವಿಮಾನ ಆದ್ರೂ ಮನೆಯಿಂದ ಮನೆಗೆ ಪೂರ್ತಿ ಒಂದು ದಿನ ಇಟ್ಕೊಳ್ಳಿ.

ಇನ್ನು ಸೈಟಿನ ಕೊರತೆಗಳು. ನೋಡೋಕೆ ಹಳೇ ಕಾಲದ ಸೈಟು, ಮೊಬೈಲಲ್ಲಿ ಅಕ್ಷರ ಸಣ್ಣ ಕಾಣುತ್ತೆ, ಕನ್ನಡ ಇಲ್ಲ. ದೂರ ಮೈಲಿಯಲ್ಲಿ ಬರ್ತಿದ್ರೆ ಕಿಲೋಮೀಟರಿಗೆ ಬದಲಾಯಿಸ್ಕೊಳ್ಳಿ. ಇದು ಚಿಕ್ಕ ವಿಷಯ ಅನ್ಬೇಡಿ, 14,000 ಕಿಲೋಮೀಟರ್ ಅನ್ನೋದು ಮೈಲಿಲಿ 8,700, ಪೈಲಟ್‌ಗಳು ಬಳಸೋ ನಾಟಿಕಲ್ ಮೈಲಿಲಿ 7,560 ಹತ್ರ, ಒಂದೇ ದಾರಿಗೆ ಮೂರು ನಂಬರು. ಒಬ್ಬರು ಕಳಿಸಿದ ಸ್ಕ್ರೀನ್‌ಶಾಟ್ ಇನ್ನೊಬ್ಬರು ಕಳಿಸಿದ್ದಕ್ಕೆ ಹೊಂದಲ್ಲ ಅಂತ ಫ್ಯಾಮಿಲಿ ಗ್ರೂಪಲ್ಲಿ ಜಗಳ ಆಗೋದು ಇದಕ್ಕೇ.

ಕೋಡ್ ಹಾಕುವಾಗ್ಲೂ ನಿಗಾ ಇರ್ಲಿ. ನಮ್ಮ ಕಡೆ ಹುಡುಗರು ಹೆಚ್ಚಿಗೆ ಇರೋದು ಸ್ಯಾನ್ ಹೋಸೆ, ಸನ್ನಿವೇಲ್, ಫ್ರೀಮಾಂಟ್ ಆಸುಪಾಸು. ಆ ಸ್ಯಾನ್ ಹೋಸೆ ಏರ್‌ಪೋರ್ಟ್ ಕೋಡ್ ಎಸ್‌ಜೆಸಿ. ಎಸ್‌ಜೆಒ ಅಂತ ಹಾಕಿದ್ರೆ ಅದು ಕೋಸ್ಟರಿಕಾ ದೇಶದ ರಾಜಧಾನಿ, ಹೆಸರು ಅದೇ, ಜಾಗ ಸಾವಿರಾರು ಕಿಲೋಮೀಟರ್ ಆಚೆ. ಗೆರೆ ಎಲ್ಲಿ ಹೋಗಿ ನಿಂತಿದೆ ಅಂತ ಮ್ಯಾಪಲ್ಲಿ ಕಣ್ಣಾರೆ ಕಾಣೋದ್ರಿಂದ ಈ ಸೈಟಲ್ಲಿ ಇಂಥ ತಪ್ಪು ತಕ್ಷಣ ಗೊತ್ತಾಗುತ್ತೆ, ಬರೀ ನಂಬರ್ ತೋರಿಸೋ ಸೈಟುಗಳಲ್ಲಿ ಗೊತ್ತಾಗಲ್ಲ. ಟಿಕೆಟ್ ಎಸ್‌ಎಫ್‌ಒಗೆ ಇದ್ದು ಮಗ ಎಸ್‌ಜೆಸಿ ಹತ್ರ ಇದ್ರೆ ಚಿಂತೆ ಇಲ್ಲ, ಟ್ರಾಫಿಕ್ ಇಲ್ಲದಾಗ ಕಾರಲ್ಲಿ ಮುಕ್ಕಾಲು ಗಂಟೆ ದಾರಿ, ಅಲ್ಲಿಗೆ ಇನ್ನೊಂದು ವಿಮಾನ ಬದಲಾಯಿಸೋ ಟಿಕೆಟ್ ತಗೋಬೇಡಿ.

ದೂರ ನೋಡೋ ಖುಷಿಗೆ ಮಕ್ಕಳಿಗೂ ಇದನ್ನ ತೋರಿಸಿ. ನಮ್ಮನೇಲಿ ಏಳನೇ ಕ್ಲಾಸಿನ ಹುಡುಗ ಸಿಂಗಪುರದಿಂದ ನ್ಯೂಯಾರ್ಕಿಗೆ ಗೆರೆ ಎಳೆದು, ಪ್ರಪಂಚದಲ್ಲೇ ಅತಿ ಉದ್ದದ ನಿಯಮಿತ ನೇರ ವಿಮಾನ ಅದು, 15,300 ಕಿಲೋಮೀಟರ್ ಮೀರುತ್ತೆ, ಹದಿನೆಂಟು ಗಂಟೆಗೂ ಹೆಚ್ಚು, ಅದನ್ನ ನೋಡಿ ಭೂಮಿ ಮೇಲೆ ಎರಡು ಊರಿನ ನಡುವೆ ಅತಿ ಹೆಚ್ಚು ಅಂದ್ರೆ ಎಷ್ಟು ದೂರ ಇರೋಕೆ ಸಾಧ್ಯ ಅಂತ ಕೇಳಿದ. ಭೂಮಿ ಸುತ್ತಳತೆ 40,000 ಕಿಲೋಮೀಟರು, ಅದ್ರಲ್ಲಿ ಅರ್ಧ, 20,000, ಅದಕ್ಕಿಂತ ದೂರ ಇರೋಕೇ ಆಗಲ್ಲ ಅಂತ ಅವನೇ ಲೆಕ್ಕ ಹಾಕಿ ಹೇಳ್ದ. ಭೂಗೋಳ ಪುಸ್ತಕದಲ್ಲಿ ಬಾಯಿಪಾಠ ಮಾಡೋದಕ್ಕಿಂತ ಇದು ಚೆನ್ನಾಗಿ ಹತ್ತುತ್ತೆ.

ವಿದೇಶಕ್ಕೆ ಮೊದಲನೇ ಸಲ ಅಪ್ಪ ಅಮ್ಮನ್ನ ಕಳಿಸ್ತಿರೋರು ಟಿಕೆಟ್ ತಗೊಳ್ಳೋಕೆ ಮುಂಚೆ ಎರಡು ಮೂರು ರೂಟು ಇದ್ರಲ್ಲಿ ಹಾಕಿ ಒಟ್ಟು ದೂರ ನೋಡಿ, ಆಮೇಲೆ ಏರ್‌ಲೈನ್ ಸೈಟಿಗೆ ಹೋಗಿ ಗಂಟೆ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಬುಕ್ ಮಾಡಿ. ಅರ್ಧ ಗಂಟೆ ಕೆಲಸ ಅಷ್ಟೇ. ಮ್ಯಾಪನ್ನ ಪ್ರಿಂಟ್ ತೆಗೆಸಿ ಕೊಟ್ರೆ ಇನ್ನೂ ಒಳ್ಳೇದು, ಅದ್ರ ಹಿಂದೆ ಕನ್ನಡದಲ್ಲಿ ಎಲ್ಲಿ ಇಳೀಬೇಕು, ಎಷ್ಟು ಹೊತ್ತು ಕಾಯ್ಬೇಕು, ಮುಂದಿನ ವಿಮಾನದ ನಂಬರ್ ಏನು, ಮಗನ ಫೋನ್ ನಂಬರ್ ಏನು ಅಂತ ದಪ್ಪಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.